ಪಲ್ಲತ್ತಿ ಮರಿ ಮಾಡಿಸಲು ಹೊರಟವರಿಗೆ

ಅಂತೂ ಮರಿಗಳು ಈಜುತ್ತಿವೆ. ಹೋದ ವರ್ಷ ಮಳೆಗಾಲಕ್ಕೆ ಮೊದಲು ಕೈಹಾಕಿದ ಕೆಲಸ ಈಗ ಅಡಿಕೆ ಕೊಯ್ಲಿನ ಗಡಿಬಿಡಿಯ ನಡುವೆ ಒಂದು ಹಂತಕ್ಕೆ ಬಂತು. ನಡುವೆ ಸಾಕಷ್ಟು ತಲೆಬಿಸಿಯಾಗಿದೆ, ದುಡ್ಡೂ ಖರ್ಚಾಗಿದೆ. ಇದೇ ಮೀನಿನ ಬೆನ್ನು ಬಿದ್ದವರು ನಮ್ಮ ಕಡೆ ಇನ್ನೂ ಕೆಲವರಿದ್ದಾರೆ ಅಂತ ಗೊತ್ತು. ಅವರಿಗೆ ಉಪಕಾರವಾಗಲಿ ಅಂತ ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಕಾಸರಗೋಡಿನ ಕರಾವಳಿಯವರಿಗೆ ಪಲ್ಲತ್ತಿಯ ಪರಿಚಯ ಹೇಳಬೇಕಾಗಿಲ್ಲ. ಕುಂಬಳೆ, ಶಿರಿಯ, ಮೊಗ್ರಾಲ್ ಹೊಳೆಗಳು ಸಮುದ್ರ ಸೇರುವಲ್ಲಿ ಕರಿಮೀನಿನ ಜೊತೆ ಬಲೆಗೆ ಬೀಳುವ ಪುಟ್ಟ ಹಳದಿ ಮೀನು. ಘಟ್ಟದ ಮೇಲಿನವರಿಗೆ ಹೇಳುವುದಾದರೆ, ಹೆಚ್ಚೆಂದರೆ 8 ಸೆಂಟಿಮೀಟರ್ ಉದ್ದ, ಚಪ್ಪಟೆ ಮೈ, ಮೈತುಂಬ ಕೆಂಪು ಚುಕ್ಕಿಗಳ ಸಾಲು, ಪಕ್ಕದಲ್ಲಿ ಕಪ್ಪು ಬೊಟ್ಟು. ಅಕ್ವೇರಿಯಂ ಅಂಗಡಿಯಲ್ಲಿ ಇದನ್ನು ಆರೆಂಜ್ ಕ್ರೋಮೈಡ್ ಅನ್ನುತ್ತಾರೆ. ಸಿಕ್ಲಿಡ್ ಅನ್ನುವ ಮೀನಿನ ಕುಟುಂಬಕ್ಕೆ ಸೇರಿದ್ದು. ಸಿಕ್ಲಿಡ್ ಅಂದರೆ ಆಫ್ರಿಕಾದ್ದು, ಅಮೆಜಾನಿನದ್ದು ಅಂತಲೇ ಜಾಸ್ತಿ ಜನ ತಿಳಿದಿರುತ್ತಾರೆ. ನಮ್ಮ ದೇಶದ್ದೇ ಆದವು ಮೂರಿವೆ. ಒಂದು ಕರಿಮೀನು, 2010ರಲ್ಲಿ ಕೇರಳದ ರಾಜ್ಯ ಮೀನು ಅಂತ ಘೋಷಣೆಯಾದದ್ದು. ಇನ್ನೊಂದು ಈ ಪಲ್ಲತ್ತಿ. ಮೂರನೆಯದು ಕರಿಮೀನಿನದೇ ಸಿಹಿನೀರಿನ ದಾಯಾದಿ. ಬ್ರಿಟಿಷರ ಕಾಲದ ಮೀನು ತಜ್ಞ ಫ್ರಾನ್ಸಿಸ್ ಡೇ 1877ರಲ್ಲಿ ದಕ್ಷಿಣ ಕನ್ನಡದ ಮೀನು ಅಂತ ಅದಕ್ಕೆ ಜಿಲ್ಲೆಯ ಹೆಸರನ್ನೇ ಇಟ್ಟರು. ಆಗ ನಾವೂ ಅದೇ ಜಿಲ್ಲೆಯವರು.

ನಾನು ಮೊದಲು ತಂದದ್ದು ಅಂಗಡಿಯ ಮೀನು. ಮಂಗಳೂರಿನ ಒಂದು ಕಡೆ 'ಕನ್ಫರ್ಮ್ಡ್ ಪೇರ್' ಅಂತ ಬೋರ್ಡ್ ಹಾಕಿ ಇಟ್ಟಿದ್ದರು. ಎರಡಕ್ಕೆ ಎಂಟುನೂರು ರೂಪಾಯಿ. ಬಿಡಿಯಾಗಿ ಕೊಂಡರೆ ಒಂದಕ್ಕೆ ಅರವತ್ತೂ ಇರಲಿಲ್ಲ. ಬೊಟ್ಟು, ಚುಕ್ಕಿ ಏನೂ ಇಲ್ಲದ, ಟ್ಯಾಂಕಿನಲ್ಲೇ ಬೆಳೆಸಿದ ಬರೀ ಹಳದಿ ತಳಿ. ತಂದ ಸ್ವಲ್ಪ ದಿನಕ್ಕೇ ಮೊಟ್ಟೆ ಇಟ್ಟವು. ಮನೆಯಲ್ಲಿ ಸಂಭ್ರಮವೇ ಸಂಭ್ರಮ. ಮರುದಿನ ನೋಡಿದರೆ ಎಲ್ಲ ಮೊಟ್ಟೆಗಳೂ ಬಿಳಿಚಿ ಹತ್ತಿಯ ಹಾಗೆ ಬೂಸ್ಟು ಹಿಡಿದಿದ್ದವು. ಮತ್ತೊಮ್ಮೆ ಇಟ್ಟಾಗಲೂ ಅದೇ ಕಥೆ. ಆ ಸಲ ನಾನು ಕುರ್ಚಿ ಹಾಕಿಕೊಂಡು ಟ್ಯಾಂಕಿನ ಎದುರೇ ಕೂತಿದ್ದೆ. ಒಂದು ಮೀನು ಮೊಟ್ಟೆ ಇಡುತ್ತಾ ಹೋಯಿತು. ಅದು ಮುಗಿಸಿದ ಮೇಲೆ ಇನ್ನೊಂದು ಬಂದು ಪಕ್ಕದಲ್ಲಿ ತಾನೂ ಇಟ್ಟಿತು! ಎರಡೂ ಹೆಣ್ಣು. ಸಿಕ್ಲಿಡ್‌ಗಳಲ್ಲಿ ಗಂಡು ಸಿಗದಿದ್ದರೆ ಹೆಣ್ಣುಗಳೇ ಜೋಡಿ ಕಟ್ಟುವುದು ಇದೆ. ಅಂಗಡಿಗೆ ಫೋನ್ ಮಾಡಿದೆ. "ಮೊಟ್ಟೆ ಇಟ್ಟಿದೆ ಅಲ್ವಾ ಸಾರ್, ಮತ್ತೇನು?" ಅಂದರು. ಅವರ ಮಾತಿನಲ್ಲೂ ಒಂದು ನ್ಯಾಯ ಇದೆ ಅನ್ನಿ.

ಹೊರಗಿನಿಂದ ನೋಡಿ ಪಲ್ಲತ್ತಿಯ ಗಂಡು ಹೆಣ್ಣು ಹೇಳುವುದು ಕಷ್ಟ. ಗಂಡಿನ ರೆಕ್ಕೆಯಂಚು ಕೆಂಪಿರುತ್ತದೆ, ಹೆಣ್ಣಿನ ಬಾಲದಂಚು ಬಿಳಿ ಇರುತ್ತದೆ ಅಂತೆಲ್ಲ ಹೇಳುತ್ತಾರೆ. ಅದನ್ನು ನಂಬಿ ದುಡ್ಡು ಕೊಡಬೇಡಿ. ಮೊಟ್ಟೆ ಇಡುವ ಹೊತ್ತು ಹತ್ತಿರ ಬಂದಾಗ ಹೊಟ್ಟೆಯ ಕೆಳಗೆ ಒಂದು ಚಿಕ್ಕ ನಳಿಗೆ ಹೊರಗೆ ಬರುತ್ತದೆ. ಗಂಡಿನದ್ದು ಸಪೂರ, ಚೂಪು. ಹೆಣ್ಣಿನದ್ದು ದಪ್ಪ, ಮೊಂಡು. ನಂಬುವುದಾದರೆ ಅದೊಂದನ್ನೇ. ಹಾಗಾಗಿ ಜೋಡಿ ಕೊಳ್ಳುವ ಆಸೆ ಬಿಟ್ಟು, ಆರೆಂಟು ಎಳೆ ಮೀನುಗಳನ್ನು ಒಟ್ಟಿಗೆ ಬೆಳೆಸಿ. ಅವೇ ಆರಿಸಿಕೊಳ್ಳಲಿ.

ಎಳೆ ಮೀನು ಸಿಕ್ಕಿದ್ದು ಕುಂಬಳೆಯ ಗೆಳೆಯನಿಂದ. ಅವನ ಮನೆಯ ಹಿಂದೆಯೇ ಹಿನ್ನೀರು, ಸಂಜೆ ಹೊತ್ತು ಬೀಸುಬಲೆ ಹಾಕುತ್ತಾನೆ. ಕರಿಮೀನು ಪೇಟೆಗೆ, ಪಲ್ಲತ್ತಿ ಮನೆಯಲ್ಲಿ ಹುರಿಯುವ ಕಾವಲಿಗೆ. ನಾನು ಬಕೆಟ್ ಹಿಡಿದು ಹೋದಾಗ ಅವನ ತಾಯಿಗೆ ನಗು ತಡೆಯಲಿಲ್ಲ. "ಹುರಿದು ತಿನ್ನುವ ಮೀನಿಗೆ ಗಾಳಿ ಹಾಕ್ಲಿಕ್ಕೆ ಪಂಪಾ?" ಅಂತ ಕೇಳಿದರು. ಆದರೂ ಬಲೆಯಲ್ಲಿ ಹುರುಪೆ ಕಿತ್ತುಹೋಗದ ಸಣ್ಣವನ್ನು ಆರಿಸಿ ಕೊಟ್ಟವರು ಅವರೇ. ತರುವಾಗ ಅಲ್ಲಿಯದೇ ಉಪ್ಪುನೀರು ತುಂಬಿಸಿಕೊಳ್ಳಿ. ಬಕೆಟಿಗೆ ಮುಚ್ಚಳ ಇರಲಿ, ಬ್ಯಾಟರಿ ಪಂಪ್ ಇರಲಿ.

ಹೊಳೆಯ ಮೀನನ್ನು ನೇರ ಟ್ಯಾಂಕಿಗೆ ಬಿಡಬೇಡಿ, ಬೇರೆ ಟಬ್ಬಿನಲ್ಲಿ ಕೆಲವು ವಾರ ಇಡಿ. ನನ್ನ ಮೀನುಗಳಲ್ಲಿ ಒಂದರ ಕಿವಿರಿನ ಹತ್ತಿರ ಹುರುಪೆಯ ಹಾಗೇ ಕಾಣುವ ಏನೋ ಅಂಟಿಕೊಂಡಿತ್ತು. ಟಾರ್ಚ್ ಬಿಟ್ಟು ನೋಡಿದರೆ ಅದು ನಡೆಯುತ್ತಿತ್ತು. ಮೀನಿನ ಹೇನು. ಚಿಮಟಿಗೆಯಿಂದ ತೆಗೆದೆ. ತಮಾಷೆ ಅಂದರೆ, ಹೊಳೆಯಲ್ಲಿ ಇದೇ ಪಲ್ಲತ್ತಿಗಳು ಕರಿಮೀನಿನ ಮೈಯ ಪರಾವಲಂಬಿ ಹುಳುಗಳನ್ನು ಹೆಕ್ಕಿ ತಿನ್ನುತ್ತವೆ. ಸಂದರ್ಭ ಸಿಕ್ಕರೆ ಅದೇ ಕರಿಮೀನಿನ ಮೊಟ್ಟೆಯನ್ನೂ ಕದಿಯುತ್ತವೆ.

ಆಮೇಲೆ ನೀರಿನ ಪ್ರಶ್ನೆ. ನನ್ನನ್ನು ಜಾಸ್ತಿ ಕಾಡಿದ್ದು ಇದೇ. ನಮ್ಮ ಮನೆ ಪೆರ್ಲದ ಕಡೆ, ಗುಡ್ಡದ ಬುಡದಲ್ಲಿ. ಕುಡಿಯಲಿಕ್ಕೂ ತೋಟಕ್ಕೂ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಒಳಗಿಂದ ಬರುವ ತಣ್ಣನೆಯ, ಕನ್ನಡಿಯಂಥ ನೀರು. ಕ್ಲೋರಿನ್ ಕಾಟ ಇಲ್ಲ ಅಂತ ಖುಷಿಯಲ್ಲಿದ್ದೆ. ನೂರೈವತ್ತು ರೂಪಾಯಿ ಕೊಟ್ಟು ಪಿಎಚ್, ಅಂದರೆ ನೀರಿನ ಹುಳಿ ಎಷ್ಟು ಅಂತ ನೋಡುವ ಹನಿ ಔಷಧಿ ತಂದು ಹಾಕಿದರೆ ಬಣ್ಣ ಹಳದಿಗೆ ಹೋಯಿತು. 6ಕ್ಕಿಂತ ಕೆಳಗೆ! (7 ಅಂದರೆ ಸಮ, ಅದಕ್ಕಿಂತ ಇಳಿದಷ್ಟೂ ಹುಳಿ.) ಮುರಕಲ್ಲಿನ ನೀರಿನಲ್ಲಿ ಸುಣ್ಣದ ಅಂಶ ಕಡಿಮೆ, ಹುಳಿ ಜಾಸ್ತಿ. ಅಮೆಜಾನಿನ ಏಂಜೆಲ್ ಮೀನು ಸಾಕುವವರಿಗೆ ಅದು ವರ. ಅಳಿವೆಯಲ್ಲಿ ಹುಟ್ಟಿದ ಪಲ್ಲತ್ತಿಗೆ ಸ್ವಲ್ಪ ಗಡಸಾದ, ಸ್ವಲ್ಪ ಉಪ್ಪಾದ ನೀರು ಇಷ್ಟ. ಅಷ್ಟೇ ಆದರೆ ಸರಿ. ಅಂಥ ಹುಳಿ ನೀರಿನಲ್ಲಿ ಫಿಲ್ಟರಿನ ಒಳಗೆ ಕೊಳೆ ತಿನ್ನುವ ಬ್ಯಾಕ್ಟೀರಿಯಾ ಕೂಡ ಸರಿಯಾಗಿ ಕೆಲಸ ಮಾಡುವುದಿಲ್ಲ.

ಪಿಎಚ್ ಏರಿಸುವ ಪುಡಿ ಅಂಗಡಿಯಲ್ಲಿ ಸಿಗುತ್ತದೆ. ದುಬಾರಿ, ಮೇಲಾಗಿ ಇವತ್ತು ಏರಿ ನಾಳೆ ಇಳಿಯುತ್ತದೆ. ಮೀನಿಗೆ ಹುಳಿಗಿಂತ ಈ ಏರಿಳಿತವೇ ಅಪಾಯ. ನನಗೆ ಕೈಹಿಡಿದದ್ದು ಮರುವಾಯಿ ಚಿಪ್ಪು, ಅಂದರೆ ಕಪ್ಪೆಚಿಪ್ಪು. ಕುಂಬಳೆಯ ಗೆಳೆಯನ ಮನೆ ಹಿತ್ತಲಿನಲ್ಲಿ ರಾಶಿ ಬಿದ್ದಿತ್ತು. ಚೆನ್ನಾಗಿ ತೊಳೆದು, ಬಿಸಿಲಿಗೆ ಒಣಗಿಸಿ, ಜಜ್ಜಿ, ಈರುಳ್ಳಿ ಬರುವ ಬಲೆಚೀಲದಲ್ಲಿ ಕಟ್ಟಿ ಫಿಲ್ಟರಿನ ಪಕ್ಕ ಇಟ್ಟೆ. ನೀರು ಹುಳಿಯಾದಷ್ಟೂ ಚಿಪ್ಪು ಕರಗುತ್ತದೆ, ಹುಳಿ ಕಡಿಮೆಯಾದರೆ ಕರಗುವುದೂ ನಿಧಾನವಾಗುತ್ತದೆ. ನಿಧಾನಕ್ಕೆ ಏರಿ ಏಳೂವರೆಯ ಆಸುಪಾಸು ನಿಂತಿತು. ಅದರ ಜೊತೆ ಹತ್ತು ಲೀಟರಿಗೆ ಒಂದು ದೊಡ್ಡ ಚಮಚದ ಲೆಕ್ಕದಲ್ಲಿ ಕಲ್ಲುಪ್ಪು. ಉಪ್ಪಿನಿಂದ ಇನ್ನೊಂದು ಲಾಭ, ಮೊಟ್ಟೆಗೆ ಹಿಡಿಯುವ ಬೂಸ್ಟು ಅದರಲ್ಲಿ ಅಷ್ಟು ಸುಲಭವಾಗಿ ಬೆಳೆಯುವುದಿಲ್ಲ. ನೀರು ಆವಿಯಾಗಿ ಇಳಿದಾಗ ಮಾತ್ರ ಸಿಹಿನೀರನ್ನೇ ತುಂಬಿಸಿ. ಉಪ್ಪು ಆವಿಯಾಗುವುದಿಲ್ಲ ಅಲ್ವಾ.

ಟ್ಯಾಂಕ್ ಎರಡಡಿ ಉದ್ದದ್ದು ಸಾಕು, ಸಾವಿರದ ಹತ್ತಿರ ಬಿತ್ತು. ನೂರೈವತ್ತರ ಸ್ಪಂಜ್ ಫಿಲ್ಟರ್. ಮರಿಗಳನ್ನು ಎಳೆದುಕೊಳ್ಳದ ಫಿಲ್ಟರ್ ಅದು. ಗಪ್ಪಿ ಟ್ಯಾಂಕಿನಲ್ಲಿ ಹಳೆಯ ಸ್ಪಂಜ್ ಇದ್ದರೆ ಅದನ್ನೇ ಹಾಕಿ. ಹೊಸದರಲ್ಲಿ ಆ ಬ್ಯಾಕ್ಟೀರಿಯಾ ಬೆಳೆದು ಹದಕ್ಕೆ ಬರಲು ತಿಂಗಳಾದರೂ ಬೇಕು.

ಊಟಕ್ಕೆ ಅಂಗಡಿಯ ಗುಳಿಗೆ ತಿನಿಸು ಸಾಲದು. ಮೊಟ್ಟೆ ಕಟ್ಟಬೇಕಾದರೆ ಜೀವಂತ ತಿನಿಸು ಬೇಕು. ಮಳೆಗಾಲ, ಪಕ್ಕದ ತೋಟದಲ್ಲಿ ರಬ್ಬರ್ ಟ್ಯಾಪಿಂಗ್ ನಿಂತಿತ್ತು. ಮರಕ್ಕೆ ಕಟ್ಟಿದ ಚಿರಟೆಗಳ ತುಂಬ ಮಳೆನೀರು, ನೀರಿನ ತುಂಬ ಸೊಳ್ಳೆಮರಿ. ಚಹಾ ಸೋಸುವ ಜರಡಿಯಲ್ಲಿ ಬಳಿದು ತಂದು ಹಾಕಿದರೆ ಮೀನುಗಳಿಗೆ ಹಬ್ಬ. ಇನ್ನೂ ಸುಲಭವಾಗಲಿ ಅಂತ ಹಿತ್ತಲಿನಲ್ಲಿ ಒಂದು ಬಕೆಟ್ ನೀರಿಗೆ ಒಣಹುಲ್ಲು ಹಾಕಿ ಇಟ್ಟೆ. ಅಷ್ಟರಲ್ಲಿ ಡೆಂಗಿ ಜ್ವರದ ಸುದ್ದಿ ಶುರುವಾಯಿತು. ಭಾನುವಾರ ನಿಂತ ನೀರು ಚೆಲ್ಲಿಸುವ ಡ್ರೈ ಡೇ ಅಂತ ಮನೆಮನೆ ನೋಡಲು ಬಂದ ಆಶಾ ಕಾರ್ಯಕರ್ತೆ ಬಕೆಟಿಗೆ ಇಣುಕಿದರು. ಬಕೆಟ್ ಕವುಚಿ ಬಿತ್ತು. "ಇದು ಮೀನಿಗೆ" ಅಂದೆ. "ಸೊಳ್ಳೆಗೆ ಅದು ಗೊತ್ತುಂಟಾ?" ಅಂತ ಕೇಳಿದರು. ಉತ್ತರ ಇರಲಿಲ್ಲ. ತೋಟದ ಚಿರಟೆಗಳೂ ಆ ವಾರವೇ ಮಗುಚಿದವು. ಆಮೇಲೆ ಎರೆಹುಳುವನ್ನೇ ಸಣ್ಣಗೆ ಹೆಚ್ಚಿ ಹಾಕಿದೆ. ಅಡಿಕೆ ಬುಡದಲ್ಲಿ ಕೆದಕಿದರೆ ಬೇಕಾದಷ್ಟು. ಹುಳುವನ್ನು ಒಂದು ರಾತ್ರಿ ಒದ್ದೆ ಬಟ್ಟೆಯಲ್ಲಿ ಇಟ್ಟರೆ ಹೊಟ್ಟೆಯ ಮಣ್ಣು ಖಾಲಿಯಾಗುತ್ತದೆ, ಟ್ಯಾಂಕ್ ಗಲೀಜಾಗುವುದಿಲ್ಲ.

ಆಟಿ ತಿಂಗಳ ಜಡಿಮಳೆಯಲ್ಲಿ ಒಂದು ಬೆಳಿಗ್ಗೆ ನೋಡಿದಾಗ ಟ್ಯಾಂಕಿನ ಒಂದು ಬದಿ ಪೂರ್ತಿ ಎರಡು ಮೀನುಗಳದ್ದು. ಉಳಿದವು ಇನ್ನೊಂದು ಮೂಲೆಯಲ್ಲಿ ಮುದ್ದೆಯಾಗಿ ನಿಂತಿದ್ದವು, ಕೆಲವಕ್ಕೆ ಬಾಲ ಹರಿದಿತ್ತು. ಜೋಡಿ ಆಯಿತು ಅಂತ ತಿಳಿಯುವುದು ಹೀಗೆ. ಉಳಿದವನ್ನು ಕೂಡಲೇ ಬೇರೆ ಮಾಡಿ, ಇಲ್ಲದಿದ್ದರೆ ಹೆಣ ಬೀಳುತ್ತದೆ. ಆದರೆ ಜೋಡಿಯನ್ನು ಪೂರಾ ಒಂಟಿಯಾಗಿ ಬಿಟ್ಟರೆ ಇನ್ನೊಂದು ತೊಂದರೆ. ಜಗಳಕ್ಕೆ ಹೊರಗಿನವರು ಸಿಗದೆ ಗಂಡು ಹೆಣ್ಣಿನ ಮೇಲೆಯೇ ಏರಿ ಹೋಗುತ್ತದೆ. ಮಂಗಳೂರಿನ ಆ ಎರಡು ಹೆಣ್ಣುಗಳು ಉಪಯೋಗಕ್ಕೆ ಬಂದದ್ದು ಇಲ್ಲಿ. ಅವುಗಳ ಟ್ಯಾಂಕನ್ನು ಈ ಟ್ಯಾಂಕಿಗೆ ತಾಗಿಸಿ ಇಟ್ಟೆ. ಗಾಜಿನ ಆಚೆ ಶತ್ರು ಕಂಡದ್ದೇ ತಡ, ಗಂಡ ಹೆಂಡತಿ ಒಂದಾದರು.

ಮೊಟ್ಟೆ ಇಡಲು ಒಡೆದ ಮಂಗಳೂರು ಹಂಚಿನ ತುಂಡು ಇಟ್ಟಿದ್ದೆ, ಗೋಡೆಗೆ ಓರೆಯಾಗಿ. ಇದಕ್ಕಿಂತ ಒಳ್ಳೆಯದು ಅಂಗಡಿಯಲ್ಲೂ ಸಿಗುವುದಿಲ್ಲ. ಗಣೇಶ ಚೌತಿಯ ಹೊತ್ತಿಗೆ ಎರಡೂ ಸೇರಿ ಹಂಚನ್ನು ಬಾಯಿಂದ ಕಚ್ಚಿ ಕಚ್ಚಿ ಪಾಚಿ ತೆಗೆಯಲು ಶುರು ಮಾಡಿದವು. ತಲೆ ನಡುಗಿಸುವುದು, ಮೈಗೆ ಮೈ ಒರಸುವುದು. ಒಂದು ಮಧ್ಯಾಹ್ನ ಹೆಣ್ಣು ಹಂಚಿಗೆ ಹೊಟ್ಟೆ ತಾಗಿಸಿಕೊಂಡು ನಿಧಾನ ಮೇಲಕ್ಕೆ ಹೋಯಿತು. ಹೋದ ದಾರಿಯಲ್ಲಿ ಎಳ್ಳಿನಷ್ಟು ಮೊಟ್ಟೆಗಳ ಒಂದು ಗೆರೆ. ಅದರ ಹಿಂದೆಯೇ ಗಂಡು. ಮತ್ತೆ ಹೆಣ್ಣು. ಹತ್ತಿರದಿಂದ ನೋಡಿದರೆ ಪ್ರತಿ ಮೊಟ್ಟೆಯೂ ಕೂದಲಿಗಿಂತ ಸಪೂರದ ಒಂದು ನೂಲಿನಲ್ಲಿ ಹಂಚಿಗೆ ಅಂಟಿ, ನೀರು ಅಲುಗಿದಾಗೆಲ್ಲ ತಾನೂ ಅಲುಗುತ್ತಿತ್ತು. ಚಹಾ ತಣ್ಣಗಾದದ್ದೂ ಗೊತ್ತಾಗಲಿಲ್ಲ.

ಆ ಮೊಟ್ಟೆಗಳನ್ನು ಮರುದಿನವೇ ತಿಂದು ಮುಗಿಸಿದವು. ಎಳೆ ಜೋಡಿ ಮೊದಮೊದಲು ಹೀಗೇ ಮಾಡುವುದು, ಬೇಸರ ಮಾಡಬೇಡಿ. ಎರಡು ಮೂರು ವಾರದಲ್ಲಿ ಮತ್ತೆ ಇಡುತ್ತವೆ.

ಏಂಜೆಲ್ ಮೀನಿನ ಮರಿ ಮಾಡಿಸಿ ಮಾರುವ ಪರಿಚಯದವರೊಬ್ಬರು, ಮೊಟ್ಟೆಯನ್ನು ಹಂಚಿನ ಸಮೇತ ಎತ್ತಿ ಬೇರೆ ಇಡು, ಬೂಸ್ಟು ತಡೆಯುವ ನೀಲಿ ಔಷಧಿ ಮೆಥಿಲೀನ್ ಬ್ಲೂ ಹಾಕು, ಗಾಳಿ ಬಿಡು ಅಂದರು. ಅವರ ಕಸುಬಿನಲ್ಲಿ ಅದೇ ಸರಿ. ಮುಂದಿನ ಸಲ ಹಾಗೂ ಮಾಡಿ ನೋಡಿದೆ. ಮೊಟ್ಟೆ ಚೆನ್ನಾಗಿಯೇ ಒಡೆಯಿತು. ಮರಿಗಳು ಈಜಲೂ ಶುರು ಮಾಡಿದವು. ತಿನಿಸೂ ಹಾಕಿದೆ. ಆದರೆ ದಿನ ಹೋದಂತೆ ತೆಳ್ಳಗಾಗುತ್ತಾ ಹೋಗಿ ಕೊನೆಗೆ ಉಳಿದದ್ದು ಬೆರಳೆಣಿಕೆಯಷ್ಟು. ಇತ್ತ ಅಪ್ಪ ಅಮ್ಮ ಖಾಲಿ ಜಾಗಕ್ಕೇ ಗಾಳಿ ಬೀಸುತ್ತಿದ್ದವು. ಹಾಗೆ ಬೆಳೆಸಿ ಗೆದ್ದವರೂ ಇದ್ದಾರೆ. ಕೈ ಪಳಗಬೇಕು. ನನ್ನ ಮಾತು ಕೇಳುವುದಾದರೆ ಪಲ್ಲತ್ತಿಯ ಮೊಟ್ಟೆಗೂ ಮರಿಗೂ ಕೈ ಹಾಕಲೇಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗಿನ ಮರಿಗಳ ಮೊಟ್ಟೆ ಬಂದದ್ದು ಅಕ್ಟೋಬರ್-ನವೆಂಬರಿನ ತುಲಾ ಮಳೆ ಮುಗಿಯುವ ಹೊತ್ತಿಗೆ. ಇನ್ನೂರರ ಆಸುಪಾಸು ಇರಬಹುದು. ಅದೇ ಸಂಜೆ ಸಿಡಿಲು ಗುಡುಗು, ತೆಂಗಿನ ಮಡಲು ತಂತಿ ಮೇಲೆ ಬಿದ್ದು ಕರೆಂಟ್ ಹೋಯಿತು. ರಾತ್ರಿಯಿಡೀ ಬರಲಿಲ್ಲ. ಬ್ಯಾಟರಿ ಪಂಪ್ ನಡುರಾತ್ರಿಗೆ ಉಸಿರು ಬಿಟ್ಟಿತು. ಆಮೇಲೆ ಚೊಂಬಿನಲ್ಲಿ ನೀರು ತೆಗೆದು ಮೇಲಿನಿಂದ ಸುರಿಯುತ್ತಾ ಕೂತೆ. ಮನೆಯವರು ಎದ್ದು ಬಂದು ಒಮ್ಮೆ ನೋಡಿ, ಏನೂ ಹೇಳದೆ ಹೋಗಿ ಮಲಗಿದರು. ಟಾರ್ಚಿನ ಬೆಳಕಿಗೆ ಕಾಣುತ್ತಿತ್ತು, ಮೀನುಗಳು ಸರದಿ ಮೇಲೆ ಮೊಟ್ಟೆಯ ಮುಂದೆ ನಿಂತು ರೆಕ್ಕೆ ಬೀಸುತ್ತಲೇ ಇದ್ದವು. ಒಂದು ತಿನ್ನಲು ಹೋದರೆ ಇನ್ನೊಂದು ಬಂದು ನಿಲ್ಲುತ್ತದೆ. ಬಿಳಿಚಿದ ಮೊಟ್ಟೆಯನ್ನು ಹೆಕ್ಕಿ ತೆಗೆಯುತ್ತವೆ. ಯಾವ ಔಷಧಿಯೂ ಬೇಕಾಗಲಿಲ್ಲ. ಇಂಥ ದಿನಗಳಲ್ಲಿ ಎರಡರ ಬಣ್ಣವೂ ಬದಲಾಗುತ್ತದೆ, ಹೊಟ್ಟೆಯ ಕಡೆಯೆಲ್ಲ ಮಸಿ ಬಳಿದಂತೆ ಕಪ್ಪು. ಕಾಯಿಲೆ ಅಂತ ಹೆದರಬೇಡಿ.

ನೀರು 28 ಡಿಗ್ರಿ ಇದ್ದರೆ ಮೊಟ್ಟೆ ಒಡೆಯಲು ಸಾಮಾನ್ಯವಾಗಿ ಮೂರರಿಂದ ಐದು ದಿನ. ಅಷ್ಟರೊಳಗೆ ಮೊಟ್ಟೆ ಕಪ್ಪಾಗುತ್ತಾ ಬರುತ್ತದೆ. ಒಂದು ಬೆಳಿಗ್ಗೆ ಹಂಚು ಬೋಳು ಬೋಳಾಗಿ ಕಾಣುತ್ತದೆ. ಮತ್ತೆ ತಿಂದವು ಅಂತ ಎದೆ ಧಸಕ್ಕೆನ್ನುತ್ತದೆ. ಜೋಡಿ ಎಲ್ಲಿ ನಿಂತಿದೆ ಅಂತ ನೋಡಿ. ಮರಳಿನಲ್ಲಿ ಅವು ಮೊದಲೇ ಬಾಯಿಂದ ಗುಂಡಿ ತೋಡಿಟ್ಟಿರುತ್ತವೆ. ಅದರ ತಳದಲ್ಲಿ ಮರಿಗಳ ಒಂದು ಕಪ್ಪು ಗುಪ್ಪೆ ಮಿಜಿಮಿಜಿ ಅನ್ನುತ್ತಿರುತ್ತದೆ. ಮೊಟ್ಟೆಯಿಂದಲೇ ಹೊಟ್ಟೆಗೆ ಕಟ್ಟಿಕೊಂಡು ಬಂದ ಆಹಾರದ ಚೀಲ ಮುಗಿಯುವ ತನಕ ಅವು ಅಲ್ಲೇ. ಅಪ್ಪ ಅಮ್ಮ ಬಾಯಲ್ಲಿ ಕಚ್ಚಿ ಒಂದು ಗುಂಡಿಯಿಂದ ಇನ್ನೊಂದಕ್ಕೆ ಸಾಗಿಸುತ್ತಲೇ ಇರುತ್ತವೆ. ಹಾಗಾಗಿ ತಳದಲ್ಲಿ ನಯವಾದ ಮರಳು ಬೇಕು. ಬಣ್ಣದ ಗಾಜಿನ ಗೋಲಿ, ಜಲ್ಲಿ ಇದ್ದರೆ ಸಂದಿಗೆ ಬಿದ್ದ ಮರಿ ಹೋದಂತೆಯೇ.

ಸುಮಾರು ಒಂದು ವಾರಕ್ಕೆ ಮರಿಗಳು ಎದ್ದು ಈಜುತ್ತವೆ. ನಾನು ಹೇಳುತ್ತೇನೆ ಅಂದದ್ದು ಇದನ್ನೇ. ಮರಿಗಳು ಗುಂಪಾಗಿ ಅಪ್ಪ ಅಮ್ಮನ ಪಕ್ಕೆಗೆ ಬಂದು ಚುಕ್ ಅಂತ ಮುಟ್ಟಿ ಹಿಂದೆ ಸರಿಯುತ್ತವೆ, ಮತ್ತೆ ಬರುತ್ತವೆ. ಮೈಮೇಲಿನ ಲೋಳೆಯನ್ನು ತಿನ್ನುತ್ತಿರುತ್ತವೆ. ದೊಡ್ಡ ಮೀನು ಅಲುಗಾಡದೆ ನಿಂತು ಕೊಡುತ್ತದೆ. ಏಂಜೆಲ್ ಮರಿಗೆ ಇಂಥ ಊಟ ಇಲ್ಲ. ಏನಾದರೂ ನೆರಳು ಕಂಡರೆ ಅಪ್ಪನೋ ಅಮ್ಮನೋ ಹೊಟ್ಟೆಯ ಕೆಳಗಿನ ಕಪ್ಪು ರೆಕ್ಕೆಗಳನ್ನು ಪಟಪಟ ಬಿಚ್ಚಿ ಮುಚ್ಚುತ್ತದೆ. ಚದುರಿದ ಮರಿಗಳೆಲ್ಲ ಬಂದು ಅಂಟಿಕೊಳ್ಳುತ್ತವೆ. ನಾನು ಟ್ಯಾಂಕಿನ ಮುಂದೆ ಕೈ ಆಡಿಸಿ ಇದನ್ನು ನೋಡುತ್ತಿದ್ದೆ. ಜಾಸ್ತಿ ಮಾಡಿದರೆ ಅವು ಗಾಬರಿಯಾಗಿ ಮರಿಗಳನ್ನೇ ನುಂಗಬಹುದು, ಮಕ್ಕಳಿಗೆ ಹೇಳಿಡಿ. ರಾತ್ರಿ ಟ್ಯೂಬ್‌ಲೈಟ್ ತಟ್ಟನೆ ಆರಿಸಿದರೂ ಮರಿಗಳು ದಿಕ್ಕು ತಪ್ಪುತ್ತವೆ. ಒಂದು ಸಣ್ಣ ಬಲ್ಬ್ ಉರಿಯುತ್ತಿರಲಿ.

ಲೋಳೆ ಒಂದೇ ಸಾಲದು. ಆರ್ಟೀಮಿಯ ಅನ್ನುವ ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿಯ ಮರಿ ಕೊಡಲೇಬೇಕು. ಅದರ ಒಣ ಮೊಟ್ಟೆಯ ಸಣ್ಣ ಡಬ್ಬಿಗೆ ಇನ್ನೂರೈವತ್ತು ಕೊಟ್ಟೆ, ಫ್ರಿಜ್ಜಿನಲ್ಲಿ ಇಡಿ. ನೀರಿನ ಬಾಟಲಿಯ ಬುಡ ಕತ್ತರಿಸಿ ಬೋರಲು ನೇತುಹಾಕಿ, ಲೀಟರಿಗೆ 25 ಗ್ರಾಂ ಕಲ್ಲುಪ್ಪು, ಚಿಟಿಕೆ ಮೊಟ್ಟೆ, ಕೆಳಗಿನಿಂದ ಜೋರಾಗಿ ಗಾಳಿ. ಒಂದು ದಿನಕ್ಕೆ ಒಡೆಯುತ್ತವೆ. ಗಾಳಿ ನಿಲ್ಲಿಸಿದರೆ ಖಾಲಿ ಚಿಪ್ಪು ಮೇಲೆ ತೇಲುತ್ತದೆ, ಕೇಸರಿ ಬಣ್ಣದ ಮರಿಗಳು ಕೆಳಗೆ ಬೆಳಕಿನ ಕಡೆ ಸೇರುತ್ತವೆ. ಅವನ್ನು ಮಾತ್ರ ಹೀರಿ, ಸಿಹಿನೀರಲ್ಲಿ ತೊಳೆದು ಹಾಕಿ. ಎರಡು ಬಾಟಲಿ ಇಟ್ಟು ದಿನ ಬಿಟ್ಟು ದಿನ ಶುರು ಮಾಡಿದರೆ ಕರೆಂಟ್ ಹೋಗಿ ಒಂದು ಕೆಟ್ಟರೂ ಮರಿಗಳು ಉಪವಾಸ ಬೀಳುವುದಿಲ್ಲ. ನೀರು ದಿನಾ ಸ್ವಲ್ಪ ಬದಲಿಸಿ, ಅದೇ ಉಪ್ಪಿನ, ಅದೇ ಬಿಸಿಯ ನೀರು. ಗಾಳಿ ಪಂಪಿನ ಸಪೂರ ಪೈಪಿನಲ್ಲಿ ತಳ ಹೀರಿ, ಬಿಳಿ ಬೇಸಿನ್ನಿಗೆ ಬಿಟ್ಟು, ಮರಿ ಬಂದಿದೆಯಾ ನೋಡಿ ಆಮೇಲೆ ಚೆಲ್ಲಿ.

ಎಲ್ಲ ಮರಿಗಳೂ ಉಳಿಯಲಿಲ್ಲ, ಅರ್ಧದಷ್ಟು ಉಳಿದಿರಬಹುದು. ಈಗ ಅವುಗಳ ಮೈಯಲ್ಲೂ ಬೊಟ್ಟು ಮೂಡುತ್ತಿದೆ. ಜೋಡಿ ಮತ್ತೆ ಹಂಚು ಕಚ್ಚಲು ಶುರು ಮಾಡಿದೆ. ಹತ್ತಿರ ಬಂದ ಮರಿಗಳನ್ನು ಅಟ್ಟುತ್ತಿದೆ, ಅಂದರೆ ಬೇರೆ ಮಾಡುವ ಸಮಯ. ಹೆಚ್ಚಾದ ಮರಿಗಳನ್ನು ಹೊಳೆಗೆ ಬಿಡುವ ಯೋಚನೆ ಮಾತ್ರ ಬೇಡ. ಟ್ಯಾಂಕಿನ ರೋಗ ಹೊಳೆಗೆ ಹೋಗುತ್ತದೆ. ಅಂಗಡಿಯ ಹಳದಿ ತಳಿಯಾದರೆ ಇನ್ನೂ ಬೇಡ.

ಬೇಕಾದವರಿಗೆ ಕೊಡುತ್ತೇನೆ, ದುಡ್ಡು ಬೇಡ. ಒಂದೆರಡು ಕೇಳಬೇಡಿ, ಆರಕ್ಕೆ ಕಡಿಮೆ ಇಲ್ಲ. ಬರುವ ಮೊದಲು ನಿಮ್ಮ ಬಾವಿ ನೀರಿನ ಪಿಎಚ್ ಎಷ್ಟು ಅಂತ ನೋಡಿಕೊಳ್ಳಿ. ಮುಚ್ಚಳ ಇರುವ ಬಕೆಟ್ ತನ್ನಿ, ಪ್ಲಾಸ್ಟಿಕ್ ಕವರ್ ಬೇಡ. ಚಿಪ್ಪಿನ ಚೀಲ ನಾನೇ ಕಟ್ಟಿಕೊಡುತ್ತೇನೆ.